ಕೈಯಲ್ಲಿ ಮಾಡಿದ ಚೂರಿಗೆ ಚರ್ಮದ ಒರೆ: ಕರಾವಳಿಯ ಮಳೆಗೆ ನಿಲ್ಲಬೇಕಾದರೆ

ಪ್ರಶ್ನೆ: ಕಾರ್ಕಳ ಕಡೆಯ ಕುಲುಮೆಯೊಂದರಲ್ಲಿ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಚೂರಿ ಮಾಡಿಸಿದ್ದೇನೆ. ಅಲಗು 5 ಇಂಚು ಉದ್ದ, ಬೆನ್ನಿನ ಕಡೆ 4 ಮಿ.ಮೀ. ದಪ್ಪ. ಹಿಡಿ ಹಲಸಿನ ಮರದ್ದು. ತೋಟಕ್ಕೆ ಹೋಗುವಾಗ ಸೊಂಟದಲ್ಲೇ ಇರುತ್ತದೆ. ಹಳೆಯ ಲೆದರ್ ಬ್ಯಾಗ್ ಕತ್ತರಿಸಿ ನಾನೇ ಒಂದು ಒರೆ ಹೊಲಿದಿದ್ದೆ. ಒಂದೇ ಮಳೆಗಾಲಕ್ಕೆ ಅಲಗಿನ ತುಂಬ ತುಕ್ಕು ಬಂತು, ಹೊಲಿಗೆಯೂ ಕಡಿದು ಹೋಯಿತು. ಯಾವ ಚರ್ಮ ತರಬೇಕು, ಎಷ್ಟು ದಪ್ಪ ಇರಬೇಕು, ಹೇಗೆ ಹೊಲಿಯಬೇಕು? ಮಳೆಗಾಲದಲ್ಲಿ ಹೇಗೆ ನೋಡಿಕೊಳ್ಳಬೇಕು? (ಓದುಗರು, ಉಡುಪಿ ಜಿಲ್ಲೆ)

ಉತ್ತರ: ನಿಮ್ಮ ಒರೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಆಗಿವೆ. ತುಕ್ಕಿಗೆ ಕಾರಣ ಚರ್ಮ. ಹೊಲಿಗೆ ಕಡಿದದ್ದಕ್ಕೆ ಕಾರಣ ಒಳಗೆ ಇರಬೇಕಾದ ಒಂದು ಪಟ್ಟಿ ಇಲ್ಲದೇ ಇದ್ದದ್ದು. ಹಳೆಯ ಒರೆಯನ್ನೇ ರಿಪೇರಿ ಮಾಡುತ್ತೇನೆ ಅಂತ ಹೊರಡಬೇಡಿ. ಹೊಸದೇ ಮಾಡಿ. ಬೇಕಾದ ಚರ್ಮ ಒಂದು ಚದರ ಅಡಿ ಅಷ್ಟೆ, ಕೆಲಸವೂ ಮನೆಯ ಮೇಜಿನ ಮೇಲೆ ಮುಗಿಯುವಂಥದ್ದು.

ಶುರು ಮಾಡುವ ಮೊದಲೇ ಒಂದು ವಿಷಯ ಹೇಳಬೇಕು. ನಮ್ಮ ಕರಾವಳಿಯಲ್ಲಿ ಒರೆ ಬೇಕಾಗುವುದು ಚೂರಿಯನ್ನು ಒಯ್ಯಲು, ತುಂಬಿಸಿ ಇಡಲು ಅಲ್ಲ. ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಚರ್ಮ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಎಳೆದುಕೊಂಡ ತೇವವನ್ನು ಬೇಗ ಬಿಡುವುದಿಲ್ಲ. ಎಷ್ಟು ದುಬಾರಿ ಚರ್ಮ ತಂದರೂ ಈ ಗುಣ ಬದಲಾಗುವುದಿಲ್ಲ. ಹಾಗಾಗಿ ತೋಟದಿಂದ ಬಂದ ಮೇಲೆ ಚೂರಿ ಒಂದು ಕಡೆ, ಒರೆ ಒಂದು ಕಡೆ. ಇಷ್ಟು ಮಾಡಿದರೆ ತುಕ್ಕಿನ ಮುಕ್ಕಾಲು ಪಾಲು ತೊಂದರೆ ಅಲ್ಲೇ ನಿಲ್ಲುತ್ತದೆ. ನಾನು ಮುಂದೆ ಹೇಳುವುದೆಲ್ಲ ಉಳಿದ ಕಾಲು ಪಾಲಿಗೆ.

ಈಗ ಚರ್ಮದ ವಿಷಯ. ಬ್ಯಾಗ್, ಸೋಫಾ, ಜಾಕೆಟ್‌ಗಳಿಗೆ ಹಾಕುವ ಚರ್ಮ ಹೆಚ್ಚಾಗಿ ಕ್ರೋಮ್ ಹದದ್ದು. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು ಅಂತ ಅರ್ಥ. ಹದ ಮಾಡುವಾಗ ಹಾಕಿದ ಉಪ್ಪು ಮತ್ತು ಆಮ್ಲದ ಅಂಶ ಸ್ವಲ್ಪ ಚರ್ಮದಲ್ಲೇ ಉಳಿದಿರುತ್ತದೆ. ಅದಕ್ಕೆ ತೇವ ಸೇರಿದರೆ ಉಕ್ಕನ್ನು ತಿನ್ನಲು ಶುರುಮಾಡುತ್ತದೆ. ಸ್ಪ್ರಿಂಗ್ ಪ್ಲೇಟ್ ಒಳ್ಳೆಯ ಉಕ್ಕು, ಹರಿತ ಚೆನ್ನಾಗಿ ನಿಲ್ಲುತ್ತದೆ, ಆದರೆ ಸ್ಟೇನ್‌ಲೆಸ್ ಅಲ್ಲ. ಸ್ಟೇನ್‌ಲೆಸ್ ಅನ್ನಿಸಿಕೊಳ್ಳಲು ಉಕ್ಕಿನಲ್ಲಿ ಕನಿಷ್ಠ 10.5 ಶೇಕಡಾ ಕ್ರೋಮಿಯಂ ಬೇಕು. ಲಾರಿಯ ಪ್ಲೇಟಿನಲ್ಲಿ ಅದರ ಹತ್ತಿರಕ್ಕೂ ಇರುವುದಿಲ್ಲ. ಅದನ್ನು ಒದ್ದೆ ಕ್ರೋಮ್ ಚರ್ಮದೊಳಗೆ ಕೂಡಿ ಹಾಕಿದರೆ ತುಕ್ಕು ಬಾರದೆ ಇನ್ನೇನು? ಜೊತೆಗೆ ಆ ಚರ್ಮ ಮೆತ್ತಗೆ. ಚೂರಿಯ ಆಕಾರ ಹಿಡಿದು ನಿಲ್ಲುವುದಿಲ್ಲ.

ಒರೆಗೆ ಬೇಕಾದದ್ದು ತೊಗಟೆ ಹದದ ಚರ್ಮ. ಅಂಗಡಿಯವರ ಹತ್ತಿರ ವೆಜ್ ಟ್ಯಾನ್ ಅಂತ ಕೇಳಿ. ಮರದ ತೊಗಟೆ, ಅಳಲೆಕಾಯಿ ಮುಂತಾದವುಗಳ ಚೊಗರಿನಲ್ಲಿ ನೆನೆಸಿ ಹದ ಮಾಡುತ್ತಾರೆ. ಘಟ್ಟದ ಮೇಲೆ ಕೆಂಪಡಿಕೆ ಬೇಯಿಸುವಾಗ ಸಿಗುವ ಚೊಗರಿನಲ್ಲಿ ಇರುವುದೂ ಇದೇ ಜಾತಿಯ ಒಗರು ಅಂಶ, ಅದರ ಹೆಸರು ಟ್ಯಾನಿನ್. ಈ ಚರ್ಮ ಗಟ್ಟಿ. ಒದ್ದೆ ಮಾಡಿ ಒತ್ತಿದರೆ ಒತ್ತಿದ ಆಕಾರ ಹಿಡಿಯುತ್ತದೆ, ಒಣಗಿದ ಮೇಲೆ ಆ ಆಕಾರ ಬಿಡುವುದಿಲ್ಲ. ಒರೆಯ ಕೆಲಸ ನಿಂತಿರುವುದೇ ಈ ಗುಣದ ಮೇಲೆ.

ಕೆಲವರು ಚೆಂಡೆ, ಮದ್ದಳೆಗೆ ಹಾಕುವ ತೊಗಲು ಆಗುತ್ತದಾ ಅಂತ ಕೇಳುತ್ತಾರೆ. ಅದು ಬೇಡ. ಅದು ಹದ ಮಾಡದ ಹಸಿ ತೊಗಲು. ಒಣಗಿದ್ದಾಗ ಹಲಗೆ, ತೇವ ಬಂದರೆ ಮೆತ್ತಗೆ. ಮಳೆಗಾಲದಲ್ಲಿ ಚೆಂಡೆಯ ಸ್ವರ ಇಳಿಯುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ ಅಲ್ವಾ. ಅದೇ ತೊಗಲಿನ ಒರೆ ಜುಲೈ ತಿಂಗಳಲ್ಲಿ ಸೊಂಟದಲ್ಲೇ ಸಡಿಲ ಬೀಳುತ್ತದೆ.

ಚರ್ಮ ಎಲ್ಲಿಂದ ತರಿಸುವುದು? ತಮಿಳುನಾಡಿನ ವಾಣಿಯಂಬಾಡಿ, ಆಂಬೂರು, ರಾಣಿಪೇಟೆ ಚರ್ಮದ ಕೆಲಸಕ್ಕೆ ಹೆಸರಾದ ಊರುಗಳು. ಚೆನ್ನೈನ ಪೆರಿಯಮೇಟ್ ದೊಡ್ಡ ಚರ್ಮದ ಮಾರುಕಟ್ಟೆ. ಇಲ್ಲಿ ಮಂಗಳೂರಿನಲ್ಲೇ ಬೆಲ್ಟ್ ಮಾಡುವವರು ಯಾರಾದರೂ ಗೊತ್ತಿದ್ದರೆ ಮೊದಲು ಅವರನ್ನು ಕೇಳಿ. ಬೆಲ್ಟ್ ಕತ್ತರಿಸಿ ಉಳಿದ ತುಂಡು ನಿಮ್ಮ ಕೆಲಸಕ್ಕೆ ಧಾರಾಳ ಸಾಕು. ಎಮ್ಮೆ ಚರ್ಮ ಸಿಕ್ಕಿದರೆ ತೆಗೆದುಕೊಳ್ಳಿ. ಮೇಲ್ಮೈ ಸ್ವಲ್ಪ ಒರಟಾಗಿ ಕಾಣುತ್ತದೆ, ಆದರೆ ತೋಟದ ಚೂರಿಗೆ ಅದಕ್ಕಿಂತ ಒಳ್ಳೆಯದು ಬೇಡ. 3 ಮಿ.ಮೀ. ದಪ್ಪ ಇರಲಿ. ಎರಡೂವರೆಗಿಂತ ಕಡಿಮೆ ಆದರೆ ಆಕಾರ ನಿಲ್ಲುವುದಿಲ್ಲ. ನಾಲ್ಕಕ್ಕಿಂತ ಜಾಸ್ತಿ ಆದರೆ ಮಡಚುವಾಗ ಕೈ ಸೋಲುತ್ತದೆ. ಬೆನ್ನಿನ ಭಾಗದ ಚರ್ಮವೇ ಬೇಕು ಅಂತ ಹೇಳಿ. ಹೊಟ್ಟೆಯ ಭಾಗ ಎಳೆದರೆ ಹಿಗ್ಗುತ್ತದೆ.

ಮಾರುವವರು ವೆಜ್ ಟ್ಯಾನ್ ಅಂದ ಮಾತ್ರಕ್ಕೆ ನಂಬಬೇಕಾಗಿಲ್ಲ. ಮನೆಯಲ್ಲೇ ನೋಡಬಹುದು. ಒಂದು ಲೋಟದಲ್ಲಿ ಸ್ವಲ್ಪ ವಿನೆಗರ್ ಹಾಕಿ, ಅದರಲ್ಲಿ ಎರಡು ಮೂರು ತುಕ್ಕು ಹಿಡಿದ ಮೊಳೆ ಒಂದೆರಡು ದಿನ ನೆನೆಸಿಡಿ. ಆ ನೀರಿನ ಒಂದು ಹನಿಯನ್ನು ಚರ್ಮದ ಮೂಲೆಗೆ ಬಿಡಿ. ತೊಗಟೆ ಹದದ ಚರ್ಮ ಆಗಿದ್ದರೆ ಹನಿ ಬಿದ್ದ ಜಾಗ ನೋಡ ನೋಡುತ್ತಲೇ ಕಪ್ಪಾಗುತ್ತದೆ. ಟ್ಯಾನಿನ್ ಮತ್ತು ಕಬ್ಬಿಣ ಸೇರಿದರೆ ಕಪ್ಪು. ಹಿಂದಿನವರು ಅಳಲೆಕಾಯಿ, ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಬರೀ ಕ್ರೋಮ್ ಚರ್ಮ ಹಾಗೆ ಕಪ್ಪಾಗುವುದಿಲ್ಲ. ಕತ್ತರಿಸಿದ ಅಂಚನ್ನೂ ನೋಡಿ. ನಡುವೆ ನೀಲಿ ಬೂದಿ ಬಣ್ಣ ಕಂಡರೆ ಅದು ಕ್ರೋಮ್. ಮೇಲಿಂದ ಕೆಳಗಿನವರೆಗೆ ಕಂದು ಬಣ್ಣವೇ ಇದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ.

ಈ ಕಪ್ಪಾಗುವ ವಿಷಯವನ್ನು ನೆನಪಿಟ್ಟುಕೊಳ್ಳಿ. ಮುಂದೆ ಒರೆಯನ್ನು ನೀರಿನಲ್ಲಿ ಅದ್ದುವಾಗ ಇದು ನಿಮ್ಮನ್ನು ಕಾಡಬಹುದು.

ಕತ್ತರಿಸುವ ಮೊದಲು ರಟ್ಟಿನಲ್ಲಿ ಒಂದು ಒರೆ ಮಾಡಿ ನೋಡಿ. ಸಾಮಾನು ಬರುವ ಪೆಟ್ಟಿಗೆಯ ಅಲೆ ಅಲೆ ರಟ್ಟು ಸುಮಾರು 3 ಮಿ.ಮೀ. ದಪ್ಪ ಇರುತ್ತದೆ, ಹಾಗಾಗಿ ಚರ್ಮದ ಅಂದಾಜು ಸರಿಯಾಗಿ ಸಿಗುತ್ತದೆ. ಚೂರಿಯ ಹರಿತದ ಬದಿಗೆ ಮೊದಲು ಎರಡು ಸುತ್ತು ಮಾಸ್ಕಿಂಗ್ ಟೇಪ್ ಹಾಕಿ. ಒರೆ ಮುಗಿಯುವವರೆಗೆ ಅದು ಹಾಗೆಯೇ ಇರಲಿ. ರಟ್ಟಿನ ನಡುವೆ ಒಂದು ಗೆರೆ ಎಳೆದು, ಚೂರಿಯ ಬೆನ್ನು ಗೆರೆಯ ಮೇಲೆ ಬರುವಂತೆ ಮಲಗಿಸಿ, ಸುತ್ತ ಗೆರೆ ಹಾಕಿ. ಆಮೇಲೆ ಬೆನ್ನಿನ ಮೇಲೆ ಹೊರಳಿಸಿ ಮತ್ತೊಂದು ಬದಿಯಲ್ಲೂ ಹಾಕಿ. ನಡುವೆ ಅಲಗಿನ ದಪ್ಪ, ಚರ್ಮದ ದಪ್ಪ ಎರಡೂ ಸೇರಿ 6-7 ಮಿ.ಮೀ. ಜಾಗ ಬಿಡಬೇಕು. ಹರಿತದ ಬದಿಯ ಗೆರೆಯಿಂದ ಹೊರಗೆ 12 ಮಿ.ಮೀ. ಬಿಡಿ. ಮೇಲ್ಗಡೆ ಹಿಡಿಯೂ ಒಂದು ಇಂಚಿನಷ್ಟು ಒಳಗೆ ಹೋಗುವಂತೆ ಇರಲಿ. ಚೂರಿಯನ್ನು ಹಿಡಿದು ನಿಲ್ಲಿಸುವುದು ಆ ಒಂದು ಇಂಚು. ಅಲಗನ್ನು ಒರೆ ಬಿಗಿಯಾಗಿ ಹಿಡಿಯಬೇಕಾಗಿಲ್ಲ. ಹಿಡಿದರೆ ಪ್ರತಿ ಸಲ ತೆಗೆಯುವಾಗ ಅಲಗು ಚರ್ಮಕ್ಕೆ ಉಜ್ಜಿ ಗೀರು ಬೀಳುತ್ತದೆ.

ಒಂದು ಕಡೆ ಜನ ಆಗಾಗ ತಪ್ಪುತ್ತಾರೆ. ಹಿಡಿಯ ತುದಿ ಅಗಲವಾಗಿ, ನಡು ಸಣ್ಣಗೆ ಇದ್ದರೆ ಯಾವ ಭಾಗ ಒರೆಯ ಬಾಯಿಯೊಳಗೆ ಹೋಗುತ್ತದೆ ಅಂತ ನೋಡಬೇಕು. ಒಳಗೆ ಹೋಗುವ ಭಾಗದ ಅತಿ ಅಗಲದ ಜಾಗ ಬಾಯಿಯಲ್ಲಿ ಸಲೀಸಾಗಿ ಹಾಯಬೇಕು. ರಟ್ಟಿನ ಒರೆಗೆ ಸ್ಟೇಪ್ಲರ್ ಪಿನ್ ಹಾಕಿ ಚೂರಿ ಹಾಕಿ ತೆಗೆದು ನೋಡಿದರೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಗೊತ್ತಾಗಿಬಿಡುತ್ತದೆ. ರಟ್ಟು ಎರಡು ಮೂರು ಸಲ ಹಾಳಾಗಲಿ, ಚರ್ಮ ಹಾಳಾಗುವುದು ಬೇಡ.

ಚರ್ಮ ಕತ್ತರಿಸಲು ಹೊಸ ಬ್ಲೇಡ್ ಹಾಕಿದ ಕಟ್ಟರ್ ಸಾಕು. ಒಂದೇ ಏಟಿಗೆ ಕತ್ತರಿಸಲು ಹೋಗಬೇಡಿ. ಹಗುರವಾಗಿ ಮೂರು ನಾಲ್ಕು ಸಲ ಎಳೆದರೆ ಅಂಚು ನೇರ ಬರುತ್ತದೆ. ಇದೇ ಚರ್ಮದಿಂದ 10 ಮಿ.ಮೀ. ಅಗಲದ ಒಂದು ಪಟ್ಟಿಯನ್ನೂ ಕತ್ತರಿಸಿಕೊಳ್ಳಿ. ಅಲಗಿನ ಹರಿತದ ಬದಿ ಹೇಗೆ ಬಾಗಿದೆಯೋ ಹಾಗೆಯೇ ಪಟ್ಟಿಯ ಒಳ ಅಂಚೂ ಬಾಗಿರಬೇಕು. ನಿಮ್ಮ ಹಳೆಯ ಒರೆಯಲ್ಲಿ ಇಲ್ಲದಿದ್ದದ್ದು ಈ ಪಟ್ಟಿ. ಕೆಲಸದವರು ಇದಕ್ಕೆ ವೆಲ್ಟ್ ಅನ್ನುತ್ತಾರೆ. ಎರಡು ಪದರದ ನಡುವೆ, ಹೊಲಿಗೆಯ ಸಾಲಿನಲ್ಲಿ ಇದು ಕೂರುತ್ತದೆ. ಚೂರಿ ಒಳಗೆ ಇಳಿಯುವಾಗ ಹರಿತದ ಬದಿ ಈ ಪಟ್ಟಿಗೆ ತಾಗುತ್ತದೆ, ದಾರಕ್ಕೆ ತಾಗುವುದಿಲ್ಲ. ಪಟ್ಟಿ ಇಲ್ಲದ ಒರೆಯಲ್ಲಿ ಪ್ರತಿ ಸಲ ಚೂರಿ ಹಾಕುವಾಗ ಒಂದೊಂದು ಎಳೆ ಕಡಿಯುತ್ತಾ ಬರುತ್ತದೆ. ಒಂದು ದಿನ ಹೊಲಿಗೆ ಬಿಟ್ಟು, ಅಲಗು ಹೊರಗೆ ಬಂದು ತೊಡೆಗೆ ತಾಗುತ್ತದೆ. ನಿಮಗೆ ಹಾಗೆ ಆಗದೆ ಹೊಲಿಗೆ ಮಾತ್ರ ಹೋಯಿತು ಅನ್ನುವುದು ದೊಡ್ಡ ಸಮಾಧಾನ. ಹಿಡಿ ಅಲಗಿಗಿಂತ ದಪ್ಪ ಇರುವುದರಿಂದ ಬಾಯಿಯ ಹತ್ತಿರ ಎರಡು ಇಂಚು ಉದ್ದಕ್ಕೆ ಇನ್ನೊಂದು ಪಟ್ಟಿ ಸೇರಿಸಿ. ಅದರ ಕೆಳತುದಿಯನ್ನು ಓರೆಯಾಗಿ ಕೆತ್ತಿ ತೆಳು ಮಾಡಿದರೆ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗುವುದಿಲ್ಲ.

ಬೆಲ್ಟಿಗೆ ಹಾಕುವ ಪಟ್ಟಿಯನ್ನು ಒರೆ ಮಡಚುವ ಮೊದಲೇ ಹಿಂಬದಿಗೆ ಹೊಲಿಯಬೇಕು. ಒರೆ ಮುಚ್ಚಿದ ಮೇಲೆ ಒಳಗೆ ಸೂಜಿ ಹೋಗುವುದಿಲ್ಲ. ತೋಟದಲ್ಲಿ ಬಗ್ಗಿ ಏಳುವ ಕೆಲಸ ಜಾಸ್ತಿ ಅಲ್ವಾ, ಹಾಗಾಗಿ ಚೂರಿಯ ಹಿಡಿ ಪಕ್ಕೆಗೆ ಚುಚ್ಚದ ಹಾಗೆ ಪಟ್ಟಿಯನ್ನು ಉದ್ದ ಬಿಟ್ಟು, ಒರೆಯ ಬಾಯಿ ಬೆಲ್ಟಿನ ಕೆಳಗೆ ಬರುವಂತೆ ಹೊಲಿಯಿರಿ. ಮರ ಹತ್ತುವ ಅಭ್ಯಾಸ ಇದ್ದರೆ ಹಿಡಿಯ ಸುತ್ತ ಬರುವ ಸಣ್ಣ ಪಟ್ಟಿ, ಒತ್ತುವ ಗುಂಡಿ ಎರಡೂ ಬೇಕೇ ಬೇಕು. ಮರದ ಮೇಲಿಂದ ಚೂರಿ ಜಾರಿದರೆ ಕೆಳಗೆ ಯಾರು ನಿಂತಿರುತ್ತಾರೋ ಹೇಳಲಾಗುವುದಿಲ್ಲ.

ಅಂಟಿಗೆ ಫೆವಿಕಾಲ್ ಎಸ್‌ಆರ್ ತರಹದ ರಬ್ಬರ್ ಅಂಟು ತನ್ನಿ. ಮರಗೆಲಸದ ಬಿಳಿ ಅಂಟು ಬೇಡ, ನೀರು ತಾಗಿದರೆ ಅದು ಮೆತ್ತಗಾಗುತ್ತದೆ. ಅಂಟು ತಾಗುವ ಎರಡೂ ಕಡೆಯನ್ನು ಉಪ್ಪು ಕಾಗದದಲ್ಲಿ ಒರಟು ಮಾಡಿ, ತೆಳುವಾಗಿ ಬಳಿದು, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಜೋಡಿಸಿ ಒತ್ತಿ. ಮಡಿಕೆಯ ಜಾಗವನ್ನು ಒಳಗಿನಿಂದ ಸ್ವಲ್ಪ ಒದ್ದೆ ಮಾಡಿ ಮೊದಲೇ ಮಡಚಿ ಒಣಗಿಸಿಟ್ಟುಕೊಂಡಿದ್ದರೆ ಈಗ ಚರ್ಮ ಬಿರಿಯುವುದಿಲ್ಲ. ಅಂಟಿದ ಮೇಲೆ ಮೂರೂ ಪದರದ ಅಂಚನ್ನು ಒಟ್ಟಿಗೆ ಉಜ್ಜಿ ಸಮ ಮಾಡಿ.

ಹೊಲಿಗೆಗೆ ಬರೋಣ. ಅಂಚಿನಿಂದ 4 ಮಿ.ಮೀ. ಒಳಗೆ ಒಂದು ಗೆರೆ. ಗೆರೆಯ ಮೇಲೆ ತೂತಿನ ಅಂತರ ಗುರುತು ಹಾಕಲು ವಿಶೇಷ ಸಾಮಾನು ಬೇಡ. ಊಟದ ಸ್ಟೀಲ್ ಫೋರ್ಕ್ ಸಾಕು. ಅದರ ಹಲ್ಲುಗಳನ್ನು ಗೆರೆಯ ಮೇಲೆ ಒತ್ತಿ, ಕೊನೆಯ ಗುರುತಿನಲ್ಲಿ ಮೊದಲ ಹಲ್ಲು ಕೂರಿಸಿ ಮತ್ತೆ ಒತ್ತುತ್ತಾ ಹೋದರೆ ಸರಿಸುಮಾರು 5 ಮಿ.ಮೀ. ಅಂತರದ ಗುರುತುಗಳು ಒಂದೇ ಅಳತೆಯಲ್ಲಿ ಬೀಳುತ್ತವೆ. ಮೂರು ಪದರ ಸೇರಿ 9 ಮಿ.ಮೀ. ದಪ್ಪ ಇರುತ್ತದೆ. ಇಷ್ಟು ದಪ್ಪಕ್ಕೆ ದಬ್ಬಣದಲ್ಲಿ ತೂತು ಮಾಡಲು ಹೋದರೆ ಹೊಸಬರ ಕೈ ಓರೆಯಾಗಿ, ಹಿಂಬದಿಯ ಸಾಲು ಅಂಕುಡೊಂಕು ಬರುತ್ತದೆ. ಸುಮ್ನೆ 1.5 ಮಿ.ಮೀ. ಬಿಟ್ ಹಾಕಿ ಡ್ರಿಲ್ ಮಾಡಿ. ಡ್ರಿಲ್ ನೇರ ನಿಲ್ಲಬೇಕು ಅಷ್ಟೆ. ಸ್ಟ್ಯಾಂಡ್ ಇರುವ ಡ್ರಿಲ್ ಮೆಷಿನ್ ಯಾವುದಾದರೂ ವರ್ಕ್‌ಶಾಪಿನಲ್ಲಿ ಸಿಕ್ಕಿದರೆ ಐದು ನಿಮಿಷದ ಕೆಲಸ.

ದಾರಕ್ಕೆ ಮೇಣ ಹಚ್ಚಿದ ಪಾಲಿಯೆಸ್ಟರ್, 0.8 ಅಥವಾ 1 ಮಿ.ಮೀ. ದಪ್ಪದ್ದು. ಹತ್ತಿಯ ದಾರ ನಮ್ಮ ಮಳೆಗೆ ಕೊಳೆಯುತ್ತದೆ. ಮಲ್ಪೆಯಲ್ಲಿ ಬಲೆಯ ಅಂಗಡಿಗೆ ಹೋದರೆ ನೈಲಾನ್ ಹುರಿ ಬೇಕಾದಷ್ಟು ಸಿಗುತ್ತದೆ, ಬಲವೂ ಇದೆ. ಆದರೆ ನೈಲಾನ್ ಎಳೆದರೆ ಹಿಗ್ಗುತ್ತದೆ, ಗಂಟು ಜಾರುತ್ತದೆ. ಒರೆಗೆ ಪಾಲಿಯೆಸ್ಟರ್ ಮೇಲು. ಮೇಣ ಹಚ್ಚದ ದಾರ ಸಿಕ್ಕಿದರೆ ಜೇನುಮೇಣದ ಉಂಡೆಯ ಮೇಲೆ ಎರಡು ಮೂರು ಸಲ ಎಳೆದುಕೊಳ್ಳಿ. ಪುತ್ತೂರು, ಸುಳ್ಯ ಕಡೆ ಜೇನು ಸಾಕುವವರು ಬೇಕಾದಷ್ಟು ಜನ ಇದ್ದಾರೆ, ಮೇಣ ಕೇಳಿದರೆ ಸಿಗುತ್ತದೆ.

ಹೊಲಿಯುವುದು ಒಂದೇ ದಾರ, ಎರಡು ಸೂಜಿಯಲ್ಲಿ. ಕುದುರೆ ಜೀನು ಹೊಲಿಯುವವರ ಪದ್ಧತಿ ಇದು. ದಾರದ ಎರಡು ತುದಿಗೂ ಒಂದೊಂದು ಮೊಂಡು ಸೂಜಿ. ಹೊಲಿಗೆಯ ಉದ್ದದ ಆರು ಪಟ್ಟು ದಾರ, ಜೊತೆಗೆ ಕೈಗೆ ಹಿಡಿಯಲು ಅರ್ಧ ಮೀಟರ್. ಮೊದಲ ತೂತಿನಲ್ಲಿ ದಾರ ಹಾಯಿಸಿ ಎರಡೂ ಬದಿ ಸಮ ಮಾಡಿ. ಎರಡನೇ ತೂತಿಗೆ ಎಡಗೈಯ ಸೂಜಿ ಹಾಕಿ ಎಳೆಯಿರಿ. ಅದೇ ತೂತಿಗೆ ಬಲಗೈಯ ಸೂಜಿಯನ್ನು ಎದುರಿನಿಂದ ಹಾಕಿ. ಹಾಕುವಾಗ ಒಳಗಿರುವ ದಾರವನ್ನು ಸ್ವಲ್ಪ ಹಿಂದಕ್ಕೆ ಎಳೆದು ಹಿಡಿಯಿರಿ, ಸೂಜಿ ದಾರವನ್ನೇ ಚುಚ್ಚಿಬಿಟ್ಟರೆ ಆಮೇಲೆ ಬಿಗಿಯಲು ಬರುವುದಿಲ್ಲ. ಎರಡೂ ಕೈ ಒಟ್ಟಿಗೆ ಎಳೆದು ಬಿಗಿ ಮಾಡಿ. ಪ್ರತಿ ತೂತಿಗೂ ಎಡ ಮೊದಲು, ಬಲ ಆಮೇಲೆ. ಈ ಕ್ರಮ ತಪ್ಪದೇ ಇದ್ದರೆ ಸಾಲು ಎರಡೂ ಬದಿಯಲ್ಲಿ ಒಂದೇ ರೀತಿ ಓರೆಯಾಗಿ ಬಂದು ಚೆಂದ ಕಾಣುತ್ತದೆ. ಮೆಷಿನ್ ಹೊಲಿಗೆಯಲ್ಲಿ ಒಂದು ಕಡೆ ದಾರ ಕಡಿದರೆ ಸಾಲೇ ಬಿಚ್ಚುತ್ತಾ ಬರಬಹುದು. ಇದರಲ್ಲಿ ಒಂದು ಎಳೆ ಹೋದರೂ ಇನ್ನೊಂದು ಎಳೆ ಅದೇ ತೂತಿನಲ್ಲಿ ಹಿಡಿದುಕೊಂಡಿರುತ್ತದೆ. ಚೂರಿಯ ಒರೆಗೆ ಕೈ ಹೊಲಿಗೆಯೇ ಆಗಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಎಳೆತ ಎಲ್ಲ ಬೀಳುವುದು ಬಾಯಿಯ ಹತ್ತಿರದ ಹೊಲಿಗೆಗೆ. ಅಲ್ಲಿ ಮೂರು ತೂತು ಹಿಂದಕ್ಕೆ ಬಂದು ಎರಡು ಸಲ ಹೊಲಿಯಿರಿ. ಕೆಲವರು ಅಲ್ಲೊಂದು ಹಿತ್ತಾಳೆ ರಿವೆಟ್ ಹೊಡೆಯುತ್ತಾರೆ. ಹೊಡೆಯಬಹುದು, ಆದರೆ ಚರ್ಮದ ಎಣ್ಣೆ, ಟ್ಯಾನಿನ್ ತಾಗಿ ಅದರ ಸುತ್ತ ಹಸಿರು ಕಿಲುಬು ಕಟ್ಟುತ್ತದೆ. ನನಗೆ ಎರಡು ಸಲದ ಹೊಲಿಗೆಯೇ ಇಷ್ಟ. ಕೊನೆಯಲ್ಲಿ, ಚೂರಿಯ ಮೊನೆ ಬರುವ ಕೆಳತುದಿಯಲ್ಲಿ 4-5 ಮಿ.ಮೀ. ತೂತು ಒಂದನ್ನು ಬಿಡಲೇಬೇಕು. ಮಳೆ ನೀರು ಬಾಯಿಯಿಂದ ಒಳಗೆ ಇಳಿದರೆ ಹೊರಗೆ ಹೋಗಲು ದಾರಿ ಬೇಕಲ್ಲ.

ಈಗ ಈ ಕೆಲಸದಲ್ಲಿ ನನಗೆ ಅತಿ ಪ್ರೀತಿಯ ಭಾಗ, ಒದ್ದೆ ಮಾಡಿ ಆಕಾರ ಕೂರಿಸುವುದು. ಚೂರಿಗೆ ಎಣ್ಣೆ ಸವರಿ, ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಹಿಡಿ ಸಮೇತ ಬಿಗಿಯಾಗಿ ಎರಡು ಸುತ್ತು ಸುತ್ತಿ. ಇದನ್ನು ಬಿಟ್ಟರೆ ಒದ್ದೆ ಚರ್ಮ ಉಕ್ಕಿಗೆ ತಾಗಿ ಒರೆಯೊಳಗೆ ಕಪ್ಪು ಕಲೆ, ಅಲಗಿನ ಮೇಲೂ ಕಲೆ. ಪ್ಲಾಸ್ಟಿಕ್ ಅಥವಾ ಸ್ಟೀಲ್ ಪಾತ್ರೆಯಲ್ಲಿ ನೀರು ತೆಗೆದುಕೊಳ್ಳಿ, ಕಬ್ಬಿಣದ ಬಾಣಲೆಯಲ್ಲಿ ಬೇಡ. ನೀರಿನ ವಿಷಯದಲ್ಲೂ ಜಾಗ್ರತೆ. ಮುರಕಲ್ಲಿನ ನೆಲದ ಕೆಲವು ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ನಿಮ್ಮ ಮನೆಯ ಬಕೆಟ್, ಬಚ್ಚಲು ಕೆಂಪು ಕಟ್ಟುತ್ತದೆ ಅಂತಾದರೆ ಆ ನೀರು ಚರ್ಮಕ್ಕೆ ಬೇಡ. ಹೊಚ್ಚ ಹೊಸ ಚರ್ಮದ ಮೇಲೆ ಮಸಿ ಚೆಲ್ಲಿದ ಹಾಗೆ ಮಚ್ಚೆ ಬೀಳುತ್ತದೆ, ಹೋಗುವುದಿಲ್ಲ. ಹಿಡಿದಿಟ್ಟ ಮಳೆ ನೀರು ಅಥವಾ ಕುಡಿಯುವ ಫಿಲ್ಟರ್ ನೀರು ಬಳಸಿ.

ನೀರು ತಣ್ಣಗೇ ಇರಲಿ. ಬೇಗ ಮೆತ್ತಗಾಗಲಿ ಅಂತ ಬಿಸಿನೀರು ಹಾಕುವವರಿದ್ದಾರೆ. ತೊಗಟೆ ಹದದ ಚರ್ಮ ಒದ್ದೆ ಇದ್ದಾಗ ಸುಮಾರು 70 ಡಿಗ್ರಿ ದಾಟಿದರೆ ಕುಗ್ಗಿ ಮುರುಟಿಕೊಳ್ಳುತ್ತದೆ, ಮತ್ತೆ ಸರಿಯಾಗುವುದಿಲ್ಲ. ಒರೆಯನ್ನು ನೀರಿಗೆ ಅದ್ದಿದ ಕೂಡಲೇ ಗುಳ್ಳೆ ಏಳಲು ಶುರುವಾಗುತ್ತದೆ. ಗುಳ್ಳೆ ಕಡಿಮೆಯಾಗುವವರೆಗೆ, ಅಂದರೆ ಒಂದು ನಿಮಿಷದ ಆಸುಪಾಸು, ಹಿಡಿದು ತೆಗೆಯಿರಿ. ನೀರು ಸೋರಲು ಬಿಡಿ, ಬಟ್ಟೆಯಲ್ಲಿ ಒತ್ತಿ. ಚೂರಿ ಒಳಗೆ ಇಳಿಸಿ. ಹೆಬ್ಬೆರಳಿನಿಂದ ಹಿಡಿಯ ಸುತ್ತ, ಅಲಗು ಹಿಡಿಗೆ ಸೇರುವ ಜಾಗದ ಸುತ್ತ ಒತ್ತುತ್ತಾ ಬನ್ನಿ. ಚರ್ಮ ಬೆರಳಿನ ಮಾತು ಕೇಳುವುದು ಆಗ ಗೊತ್ತಾಗುತ್ತದೆ. ಬೆರಳು ಹೋಗದ ಸಂದಿಗೆ ಮರದ ಸೌಟಿನ ಹಿಂಬದಿ ಅಥವಾ ನುಣುಪು ಮಾಡಿದ ಗೆರಟೆ ಚೂರಿನಿಂದ ಉಜ್ಜಿ. ಉಗುರು ತಾಗಿಸಬೇಡಿ. ಒದ್ದೆ ಚರ್ಮದ ಮೇಲೆ ಬಿದ್ದ ಉಗುರಿನ ಗುರುತು ಹಾಗೆಯೇ ಉಳಿಯುತ್ತದೆ.

ಮೂರು ನಾಲ್ಕು ಗಂಟೆ ಬಿಟ್ಟು ಚೂರಿಯನ್ನು ಮೆಲ್ಲನೆ ಹೊರಗೆ ತೆಗೆಯಿರಿ. ಅಷ್ಟರಲ್ಲಿ ಆಕಾರ ನಿಂತಿರುತ್ತದೆ. ಮತ್ತೆ ಒಣಗುವುದು ನೆರಳಿನಲ್ಲಿ, ಫ್ಯಾನಿನ ಗಾಳಿಯಲ್ಲಿ. ಬೇಸಿಗೆಯಲ್ಲಿ ಒಂದೆರಡು ದಿನ ಸಾಕು. ಮಳೆಗಾಲದಲ್ಲಿ ನಾಲ್ಕೈದು ದಿನವೂ ಬೇಕಾದೀತು. ಬಿಸಿಲಿಗೆ ಹಾಕಬೇಡಿ, ಒಲೆಯ ಮೇಲಿನ ಅಟ್ಟದಲ್ಲೂ ಇಡಬೇಡಿ. ನಿಜ ಹೇಳಬೇಕಾದರೆ ಈ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಸಮಯ. ಆಗ ನಮ್ಮ ಕಡೆಯ ಗಾಳಿ ಸ್ವಲ್ಪವಾದರೂ ಒಣಗಿರುತ್ತದೆ.

ಒಣಗಿದ ಮೇಲೆ ಹಾಸಿಗೆಯ ಮೇಲೆ ಒರೆಯನ್ನು ತಲೆಕೆಳಗೆ ಹಿಡಿದು ಅಲುಗಾಡಿಸಿ ನೋಡಿ. ಚೂರಿ ಬೀಳಬಾರದು. ಆದರೆ ಹೆಬ್ಬೆರಳಿನಿಂದ ಒರೆಯ ಬಾಯಿಯನ್ನು ಒತ್ತಿ, ಚೂರಿಯ ಹಿಡಿಯನ್ನು ಎಳೆದರೆ ಸಲೀಸಾಗಿ ಬರಬೇಕು. ಸಡಿಲ ಅನ್ನಿಸಿದರೆ ಬಾಯಿಯ ಭಾಗವನ್ನು ಮಾತ್ರ ಮತ್ತೆ ಒದ್ದೆ ಮಾಡಿ ಒತ್ತಿ. ಬಿಗಿ ಅನ್ನಿಸಿದರೆ ಅವಸರ ಬೇಡ, ಬಳಸುತ್ತಾ ಸರಿಯಾಗುತ್ತದೆ. ತೆಗೆಯುವಾಗ ಎಡಗೈ ಒರೆಯ ಬೆನ್ನಿನ ಕಡೆ ಇರಲಿ. ಹೊಲಿಗೆಯ ಬದಿಯನ್ನು ಬೆರಳು ಸುತ್ತಿ ಹಿಡಿಯುವ ಅಭ್ಯಾಸ ಇವತ್ತೇ ಬಿಡಿ. ಎಷ್ಟೇ ಗಟ್ಟಿ ಒರೆಯಾದರೂ ಒಂದು ದಿನ ಅಲಗು ಆ ಕಡೆಯಿಂದಲೇ ಹೊರಗೆ ಬರುವುದು.

ಅಂಚಿನ ಕೆಲಸಕ್ಕೆ ಉಪ್ಪು ಕಾಗದ 120, ಆಮೇಲೆ 240, ಆಮೇಲೆ 400. ಸ್ವಲ್ಪ ನೀರು ಮುಟ್ಟಿಸಿ ದಪ್ಪ ಬಟ್ಟೆಯಲ್ಲಿ ಜೋರಾಗಿ ಉಜ್ಜಿದರೆ ಮೂರು ಪದರ ಒಂದೇ ಆಗಿ ಹೊಳೆಯುತ್ತದೆ. ಗಂಜಿ, ಮೈದಾ ಅಂಟು ಹಚ್ಚಬೇಡಿ. ಅದು ಬೂಷ್ಟಿಗೆ ಊಟ ಹಾಕಿದ ಲೆಕ್ಕ.

ಹೊರಮೈಗೆ ತೆಂಗಿನೆಣ್ಣೆ ಹಚ್ಚಬಹುದಾ ಅಂತ ನೀವು ಕೇಳದಿದ್ದರೂ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ಅದೇ. ಬೇಡ. ಅದು ಒಳಗೆ ಇಳಿದು ಚರ್ಮವನ್ನು ಮೆತ್ತಗೆ ಮಾಡುತ್ತದೆ, ಕಷ್ಟಪಟ್ಟು ಕೂರಿಸಿದ ಆಕಾರ ಬಿಡುತ್ತದೆ. ಹಳ್ಳಿಗಳಲ್ಲಿ ಚರ್ಮದ ಚಪ್ಪಲಿಗೆ ಹರಳೆಣ್ಣೆ ಹಚ್ಚುತ್ತಿದ್ದರಲ್ಲ, ಅದೇ ಒಳ್ಳೆಯದು, ಆದರೆ ಬರೀ ಎಣ್ಣೆ ಅಲ್ಲ. ಒಂದು ಭಾಗ ಜೇನುಮೇಣ, ಒಂದು ಭಾಗ ಹರಳೆಣ್ಣೆ. ಒಂದು ಬಟ್ಟಲಲ್ಲಿ ಹಾಕಿ, ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ನೇರ ಬೆಂಕಿಯ ಮೇಲೆ ಇಡಬೇಡಿ, ಮೇಣಕ್ಕೆ ಬೆಂಕಿ ಹತ್ತುತ್ತದೆ. ತಣಿದು ಮುಲಾಮಿನಂತಾದ ಮೇಲೆ ಬಟ್ಟೆಯಲ್ಲಿ ತೆಳುವಾಗಿ ಹೊರಮೈಗೆ ಮಾತ್ರ ಉಜ್ಜಿ. ಒಳಗೆ ಏನೂ ಹಚ್ಚಬೇಡಿ. ಮಳೆಗಾಲ ಶುರುವಾಗುವ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ ಹಚ್ಚಿದರೆ ಸಾಕು. ನೀರು ಪೂರ್ತಿ ತಡೆಯುತ್ತದೆ ಅಂತಲ್ಲ, ಹನಿ ಬಿದ್ದ ಕೂಡಲೇ ಒಳಗೆ ಇಳಿಯುವುದಿಲ್ಲ.

ಈಗಿನ ತುಕ್ಕಿನ ವಿಷಯ. ಅಲಗಿಗೆ ಎಣ್ಣೆ ಹಾಕಿ 600 ನಂಬರಿನ ಕಾಗದದಲ್ಲಿ ಉದ್ದುದ್ದಕ್ಕೆ ಉಜ್ಜಿ ಕೆಂಪು ತುಕ್ಕು ತೆಗೆಯಿರಿ. ಹಸಿ ಅಡಿಕೆ, ಬಾಳೆ ಕೊಯ್ದು ಬರುವ ಬೂದು ಕಪ್ಪು ಬಣ್ಣವನ್ನು ಉಜ್ಜಿ ತೆಗೆಯಬೇಡಿ. ಅದು ತುಕ್ಕಲ್ಲ, ಅಲಗಿಗೆ ಕೇಡೂ ಇಲ್ಲ, ಕೆಂಪು ತುಕ್ಕನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ ಕೂಡ. ಆಮೇಲೆ ಪ್ರತಿ ದಿನ ತೋಟದಿಂದ ಬಂದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಮೆಡಿಕಲ್ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಎರಡು ಹನಿ ಸವರಿ. ಹಣ್ಣು ಹೆಚ್ಚಲು ಬಳಸಿದರೂ ತೊಂದರೆ ಇಲ್ಲ, ಅಂಟಂಟಾಗುವುದೂ ಇಲ್ಲ. ಚೂರಿಯನ್ನು ಮಕ್ಕಳ ಕೈಗೆ ಸಿಗದ ಕಡೆ, ಗಾಳಿಯಾಡುವ ಜಾಗದಲ್ಲಿ ನೇತುಹಾಕಿ. ಒರೆಯನ್ನು ಬಾಯಿ ಕೆಳಗೆ ಮಾಡಿ ಇನ್ನೊಂದು ಮೊಳೆಗೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗಿನ ತೇವ ಒಳಗೇ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಆಷಾಢದಲ್ಲಿ ಒರೆಯ ಮೇಲೆ ಬಿಳಿ ಬೂಷ್ಟು ಕಾಣಿಸಬಹುದು. ಗಾಬರಿ ಬೇಡ. ಮನೆಯ ಹೊರಗೆ ಹೋಗಿ ಒಣ ಬ್ರಷ್‌ನಲ್ಲಿ ಉಜ್ಜಿ, ಅರ್ಧ ನೀರು ಅರ್ಧ ವಿನೆಗರ್ ಹಾಕಿದ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ, ಫ್ಯಾನಿನ ಕೆಳಗೆ ಒಂದು ರಾತ್ರಿ ಬಿಡಿ. ಆ ವಿನೆಗರ್ ಹೊಸದೇ ಆಗಿರಲಿ. ಮೊಳೆ ನೆನೆಸಿದ್ದನ್ನು ಮರೆತು ಬಳಸಿದರೆ ಒರೆ ಪೂರ್ತಿ ಕಪ್ಪಾಗುತ್ತದೆ. ಕಪ್ಪು ಒರೆಯೇ ಇಷ್ಟ ಅಂತಾದರೆ ಅದನ್ನೇ ಬಣ್ಣವಾಗಿ ಬಳಿಯಬಹುದು, ಆದರೆ ಹೊಲಿಯುವ ಮೊದಲು, ಹೊರಮೈಗೆ ಮಾತ್ರ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಒಮ್ಮೆ ಒರೆಸಿ, ಬರೀ ನೀರಿನಲ್ಲಿ ಮತ್ತೊಮ್ಮೆ ಒರೆಸಿದರೆ ಉಳಿದ ಹುಳಿ ಹೋಗುತ್ತದೆ.